ಆಪರೇಷನ್‌ನಲ್ಲಿ ಹಾಕಿದ ಇಂಪ್ಲಾಂಟ್ ದೋಷದ್ದಾದರೆ ಪರಿಹಾರ ಪಡೆಯೋದು ಹೇಗೆ? ಇಲ್ಲಿದೆ ಪೂರ್ತಿ ಮಾಹಿತಿ

ಬೆಂಗಳೂರು ದಕ್ಷಿಣ: ಜಯನಗರ, ಜೆ.ಪಿ.ನಗರ, ಬನಶಂಕರಿ, ಬಿಟಿಎಂ ಲೇಔಟ್ ಭಾಗದಲ್ಲಿ ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡ ಹಿರಿಯರು ಎಷ್ಟೋ ಮನೆಗಳಲ್ಲಿ ಇದ್ದಾರೆ. ಬಿಲ್ಲು ಇನ್ಶೂರೆನ್ಸ್‌ಗೆ ಹೋಗುತ್ತೆ, ಉಳಿದ ಕಾಗದ ಬೀರು ಸೇರುತ್ತೆ. ಮುಂದೆ ಆ ಕೀಲೇ ದೋಷದ್ದು ಅಂತ ಗೊತ್ತಾದರೆ ಪರಿಹಾರ ನಿಲ್ಲೋದು ಆ ಕಾಗದಗಳ ಮೇಲೆ.

ದೇಶ ಕಂಡ ದೊಡ್ಡ ಪ್ರಕರಣ

ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಡೆಪ್ಯೂ ಕಂಪನಿ ತನ್ನ 'ಎಎಸ್ಆರ್' ಸೊಂಟದ ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತಿತ್ತು. ನೋವು, ಊತ ಬಂದು ಹಲವರಿಗೆ ಮತ್ತೆ ಆಪರೇಷನ್ ಮಾಡಬೇಕಾಯಿತು.

ಭಾರತದಲ್ಲಿ ಸುಮಾರು 4,700 ಆಪರೇಷನ್‌ಗಳಲ್ಲಿ ಈ ಕೀಲು ಬಳಕೆಯಾಗಿತ್ತು. ಆದರೆ ಪತ್ತೆಯಾದ ರೋಗಿಗಳು ಸಾವಿರ ಚಿಲ್ಲರೆ ಮಾತ್ರ. ಕೇಂದ್ರದ ತಜ್ಞರ ಸಮಿತಿ 2018ರಲ್ಲಿ ಕನಿಷ್ಠ 20 ಲಕ್ಷ ರೂ. ಪರಿಹಾರಕ್ಕೆ ಶಿಫಾರಸು ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ವಯಸ್ಸು, ಅಂಗವೈಕಲ್ಯದ ಪ್ರಮಾಣ ನೋಡಿ 30 ಲಕ್ಷದಿಂದ 1.23 ಕೋಟಿ ರೂ.ವರೆಗೆ ಕೊಡುವ ಸೂತ್ರ ಬಂತು. ಕಂಪನಿ ಇದನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. 2019ರ ಮೇನಲ್ಲಿ 67 ರೋಗಿಗಳಿಗೆ ತಲಾ 25 ಲಕ್ಷ ಕೊಡಲು ಒಪ್ಪಿತು.

ಬೇರೆ ಇಂಪ್ಲಾಂಟ್ ಆದರೆ?

ಮೇಲಿನ ಸೂತ್ರ ಎಎಸ್ಆರ್ ಕೀಲಿಗೆ ಮಾತ್ರ. ಉಳಿದವರಿಗೆ ಇರುವ ದಾರಿ ಗ್ರಾಹಕರ ಆಯೋಗ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ 'ಉತ್ಪನ್ನ ಹೊಣೆಗಾರಿಕೆ' ಅಂತಲೇ ಪ್ರತ್ಯೇಕ ಅಧ್ಯಾಯ ಇದೆ. ತಯಾರಿಕೆಯಲ್ಲಿ ಅಥವಾ ವಿನ್ಯಾಸದಲ್ಲಿ ದೋಷ ಇದ್ದರೆ, ಸರಿಯಾದ ಎಚ್ಚರಿಕೆ ಕೊಡದಿದ್ದರೆ ತಯಾರಕರ ಮೇಲೆ ದೂರು ಕೊಡಬಹುದು. ವಿದೇಶಿ ಮಾಲಾದರೆ ಆಮದುದಾರರನ್ನೂ ಸೇರಿಸಬಹುದು.

ಗೊತ್ತಿರಬೇಕಾದ ಅಂಶಗಳು

* ಕೊಟ್ಟ ಹಣ 50 ಲಕ್ಷ ರೂ. ಒಳಗಿದ್ದರೆ ಜಿಲ್ಲಾ ಆಯೋಗಕ್ಕೆ ದೂರು. ಲೆಕ್ಕಕ್ಕೆ ಬರೋದು ಕೊಟ್ಟ ಹಣ, ಕೇಳುವ ಪರಿಹಾರ ಅಲ್ಲ.
* ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ.
* ಕಂಪನಿ ಎಲ್ಲೇ ಇರಲಿ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು.
* ಎರಡು ವರ್ಷದ ಗಡುವು ಇದೆ. ತಡವಾದರೆ ಸಕಾರಣ ತೋರಿಸಬೇಕು.
* ಬಿಲ್ಲು ಇನ್ಶೂರೆನ್ಸ್ ಕಂಪನಿ ಕಟ್ಟಿದ್ದರೂ ರೋಗಿ ಗ್ರಾಹಕರೇ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲರಿಗೂ ಪೂರ್ತಿ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಯ ಸೇವೆ ಮಾತ್ರ ಇದಕ್ಕೆ ಬರಲ್ಲ.

ಯಾವ ದಾಖಲೆ ಬೇಕು?

ಡಿಸ್ಚಾರ್ಜ್ ಸಮರಿ, ಆಪರೇಷನ್ ನೋಟ್ಸ್, ಬಿಲ್, ಎಕ್ಸ್-ರೇ. ಇವೆಲ್ಲಕ್ಕಿಂತ ಮುಖ್ಯ ಇಂಪ್ಲಾಂಟ್ ಪೊಟ್ಟಣದ ಸ್ಟಿಕ್ಕರ್. ಕಂಪನಿ ಹೆಸರು, ಮಾದರಿ, ಲಾಟ್ ನಂಬರ್ ಇರೋದು ಅದರಲ್ಲೇ. ಆಸ್ಪತ್ರೆ ಕೊಟ್ಟಿಲ್ಲ ಅಂದರೆ ಲಿಖಿತವಾಗಿ ಕೇಳಿ. ಎರಡನೇ ಆಪರೇಷನ್‌ನಲ್ಲಿ ತೆಗೆದ ಇಂಪ್ಲಾಂಟನ್ನು ಎಸೆಯದೆ ಉಳಿಸುವಂತೆ ಮೊದಲೇ ಬರೆದುಕೊಡಿ. ಅದನ್ನು ಯಾಕೆ ತೆಗೆದರು ಅನ್ನೋದು ಡಿಸ್ಚಾರ್ಜ್ ಸಮರಿಯಲ್ಲಿ ಸ್ಪಷ್ಟವಾಗಿರಲಿ.

ಎಲ್ಲಿಗೆ ಫೋನ್ ಮಾಡಬೇಕು?

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಉಚಿತ ಕಾನೂನು ನೆರವಿಗೆ 15100. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಮಿತಿ ಇಲ್ಲ. ವೈದ್ಯಕೀಯ ಉಪಕರಣದಿಂದ ತೊಂದರೆ ಆಗಿದ್ದರೆ ಭಾರತೀಯ ಫಾರ್ಮಕೋಪಿಯಾ ಆಯೋಗದ ಟೋಲ್ ಫ್ರೀ ಸಂಖ್ಯೆ 1800-180-3024ಕ್ಕೆ ತಿಳಿಸಬಹುದು. ಇದರಿಂದ ನೇರವಾಗಿ ಪರಿಹಾರ ಸಿಗಲ್ಲ. ಆದರೆ ಒಂದೇ ಮಾಲಿನ ಮೇಲೆ ಬೇರೆ ಬೇರೆ ಊರಿನಿಂದ ದೂರು ಬಂದಾಗಲೇ ಸರ್ಕಾರದ ಕಣ್ಣಿಗೆ ಬೀಳೋದು.