ಸೀಗಡಿಗೆ ನೆನಪು ಇರುತ್ತಾ?

ಇವತ್ತು ಸೀಗಡಿಯ ಕಥೆ ಹೇಳ್ತೀನಿ. ನಮ್ಮ ಕುಂದಾಪುರದ ಕಡೆ ಅದಕ್ಕೆ ಚಟ್ಲಿ ಅಂತೀವಿ.

ತೊಂಬತ್ತರ ದಶಕದಲ್ಲಿ ನನ್ನ ಸೋದರಮಾವ ಹೊಳೆ ಬದಿಯಲ್ಲಿ ಕೊಳ ತೋಡಿಸಿ ಟೈಗರ್ ಸೀಗಡಿ ಸಾಕಿದ್ದರು. ಮರಿ ತಂದದ್ದು ಅತ್ತೆಯ ಬಳೆ ಅಡವಿಟ್ಟು. ಒಂದು ಬೆಳಿಗ್ಗೆ ಸೀಗಡಿಗಳು ಮೇವು ಮುಟ್ಟದೆ ದಂಡೆಗೆ ಬಂದು ನಿಂತಿದ್ದವು. ತಲೆಚಿಪ್ಪಿನ ಮೇಲೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ. ವಾರದೊಳಗೆ ಕೊಳ ಖಾಲಿ. ಆಮೇಲೆ ಮಾವ ಸೀಗಡಿ ತಿನ್ನುವುದನ್ನೇ ಬಿಟ್ಟರು.

ಬಿಳಿ ಚುಕ್ಕೆ ರೋಗದ ಈ ವೈರಸ್ 1992ರ ಸುಮಾರಿಗೆ ತೈವಾನ್, ಚೀನಾ ಭಾಗದಲ್ಲಿ ಕಾಣಿಸಿಕೊಂಡಿತು. ಮರುವರ್ಷ ಜಪಾನ್. 1994ರ ಹೊತ್ತಿಗೆ ನಮ್ಮ ದೇಶ. ಹೊಕ್ಕ ಕೊಳದಲ್ಲಿ ಮೂರರಿಂದ ಹತ್ತು ದಿನದೊಳಗೆ ಬಹುಪಾಲು ಎಲ್ಲವನ್ನೂ ಕೊಲ್ಲಬಲ್ಲದು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮತ್ತು ಅವರ ಜೊತೆಗಾರರು ಪಶ್ಚಿಮ ಕರಾವಳಿಯಲ್ಲಿ ಈ ರೋಗವನ್ನು ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿದರು.

ಆಗ ಎಲ್ಲರೂ ಕೇಳುತ್ತಿದ್ದದ್ದು ಒಂದೇ: ಕೋಳಿಗೆ ಲಸಿಕೆ ಇದೆ, ದನಕ್ಕೆ ಇದೆ, ಇದಕ್ಯಾಕಿಲ್ಲ? ಪಠ್ಯಪುಸ್ತಕದ ಉತ್ತರ ಖಡಾಖಂಡಿತವಾಗಿತ್ತು. ಬೆನ್ನೆಲುಬಿಲ್ಲದ ಪ್ರಾಣಿಗೆ ಪ್ರತಿಕಾಯ ಇಲ್ಲ. ಬಂದ ಶತ್ರುವನ್ನು ನೆನಪಿಟ್ಟುಕೊಳ್ಳುವ ಜೀವಕೋಶಗಳೂ ಇಲ್ಲ. ನೆನಪೇ ಇಲ್ಲದವನಿಗೆ ಪಾಠ ಹೇಳಿ ಏನು ಪ್ರಯೋಜನ?

ಆದರೆ ಸೀಗಡಿ ಪುಸ್ತಕ ಓದಿರಲಿಲ್ಲ ನೋಡಿ. 2000ದಲ್ಲಿ ಜಪಾನಿನಿಂದ ಒಂದು ವರದಿ ಬಂತು. ವೈರಸ್ ತಗುಲಿಯೂ ಬದುಕುಳಿದ ಕುರುಮಾ ಸೀಗಡಿಗಳಿಗೆ ಮತ್ತೆ ಅದೇ ವೈರಸ್ ಕೊಟ್ಟಾಗ ಅವು ತಡೆದುಕೊಂಡವು. 'ರೋಗನಿರೋಧ' ಎನ್ನಲು ಸಂಶೋಧಕರಿಗೇ ಅಳುಕು, ಅದಕ್ಕೆ 'ನಿರೋಧದಂಥದ್ದು' ಅಂತ ಅರ್ಧ ಹೆಸರು ಕೊಟ್ಟರು. ನನಗೆ ಆ ಅಳುಕು ಇಷ್ಟ.

2004ರಲ್ಲಿ ನೆದರ್‌ಲ್ಯಾಂಡ್ಸಿನ ವಾಗನಿಂಗನ್‌ನಲ್ಲಿ ಇನ್ನೊಂದು ಹೆಜ್ಜೆ. ಈ ವೈರಸ್‌ನ ಹೊರಕವಚದಲ್ಲಿ ವಿಪಿ28 ಅನ್ನುವ ಪ್ರೋಟೀನ್ ಇದೆ. ಅದನ್ನು ಬ್ಯಾಕ್ಟೀರಿಯಾದೊಳಗೆ ತಯಾರಿಸಿ, ಬ್ಯಾಕ್ಟೀರಿಯಾವನ್ನು ನಿಷ್ಕ್ರಿಯಗೊಳಿಸಿ, ಮೇವಿನ ಕಾಳಿಗೆ ಲೇಪಿಸಿ ಟೈಗರ್ ಸೀಗಡಿಗೆ ತಿನ್ನಿಸಿದರು. ಸೂಜಿ ಬೇಡ. ಲಕ್ಷಗಟ್ಟಲೆ ಸೀಗಡಿಗೆ ಒಂದೊಂದಾಗಿ ಚುಚ್ಚೋಕೆ ಆಗುತ್ತಾ ಹೇಳಿ! ಏಳು ದಿನ ಬಿಟ್ಟು ವೈರಸ್ ಒಡ್ಡಿದಾಗ, ಸಾಯಬೇಕಾಗಿದ್ದ ಪ್ರತಿ ನೂರರಲ್ಲಿ ಸುಮಾರು 77 ಉಳಿದವು.

ಅದೇ ವರ್ಷ ಅಮೆರಿಕದ ಸಂಶೋಧಕರು ಬೇರೆ ದಾರಿ ಹಿಡಿದರು. ಎರಡೆಳೆಯ ಆರ್‌ಎನ್‌ಎ ಅನ್ನು ಸೀಗಡಿಯ ಮೈಗೆ ಸೇರಿಸಿದರು. ಎಷ್ಟೋ ವೈರಸ್‌ಗಳು ವೃದ್ಧಿಯಾಗುವಾಗ ಇಂಥದ್ದು ಹುಟ್ಟುತ್ತದೆ. ಹಾಗಾಗಿ ಸೀಗಡಿಯ ಪಾಲಿಗೆ ಅದು ಕಳ್ಳನ ಹೆಜ್ಜೆ ಸಪ್ಪಳ. ವೈರಸ್‌ಗೆ ಸಂಬಂಧವೇ ಇಲ್ಲದ ಎಳೆ ಕೊಟ್ಟರೂ ಸ್ವಲ್ಪ ರಕ್ಷಣೆ ಸಿಕ್ಕಿತು. ವೈರಸ್‌ನದೇ ಜೀನ್‌ಗೆ ಹೊಂದುವ ಎಳೆ ಕೊಟ್ಟಾಗ ರಕ್ಷಣೆ ಇನ್ನೂ ಗಟ್ಟಿ ಅಂತ ಮರುವರ್ಷ ತೋರಿಸಿದರು. ಥಾಯ್ಲೆಂಡಿನಲ್ಲಿದ್ದ ಟಿಮತಿ ಫ್ಲೆಗಲ್ 2009ರಲ್ಲಿ ಮತ್ತೂ ಮುಂದೆ ಹೋದರು: ವೈರಸ್‌ನ ತುಣುಕುಗಳು ಸೀಗಡಿಯ ಡಿಎನ್‌ಎಯಲ್ಲೇ ಸೇರಿಕೊಂಡು, ಮರಿಗಳಿಗೂ ದಾಟಿ ಕಾಯುತ್ತಿರಬಹುದು ಅನ್ನೋದು ಅವರ ಊಹೆ. ನೆನಪಿಲ್ಲ ಅಂದಿದ್ದ ಪ್ರಾಣಿಗೆ ವಂಶಪಾರಂಪರ್ಯದ ನೆನಪು!

ಪ್ರತಿಕಾಯ ಇಲ್ಲದ ಕಾರಣ ಇದನ್ನು ಲಸಿಕೆ ಅನ್ನಲು ಅನೇಕರು ಒಪ್ಪುವುದಿಲ್ಲ, ಪ್ರೈಮಿಂಗ್ ಅನ್ನುತ್ತಾರೆ. ಹದಗೊಳಿಸುವುದು ಅಂತ ಇಟ್ಕೊಳ್ಳಿ. ಕೊಳದ ದಂಡೆಯಲ್ಲಿ ಮಾತ್ರ ಇವತ್ತಿಗೂ ನೆಚ್ಚಿಕೊಂಡಿರುವುದು ಪರೀಕ್ಷೆ ಮಾಡಿದ ಮರಿ, ಶುದ್ಧ ನೀರು, ಏಡಿ ನುಗ್ಗದಂತೆ ಬೇಲಿ. 2009ರಲ್ಲಿ ವನ್ನಾಮಿ ಸೀಗಡಿ ಸಾಕಲು ಸರ್ಕಾರ ಅನುಮತಿ ಕೊಟ್ಟಾಗಲೂ ಒತ್ತು ಇದ್ದದ್ದು ರೋಗಮುಕ್ತ ತಾಯಿಸೀಗಡಿಯ ಮೇಲೆ.

ಈ ಸಂಚಿಕೆಗೆ ತಯಾರಿ ಮಾಡ್ತಾ ಮಾವನಿಗೆ ಫೋನ್ ಮಾಡಿ ವಾಗನಿಂಗನ್ ಪ್ರಯೋಗದ ಬಗ್ಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅದು ಎಷ್ಟು ದಿನ ನಿಲ್ಲುತ್ತೆ?" ಅಂದರು.

"ಮೂರು ವಾರ ಬಿಟ್ಟು ನೋಡಿದಾಗ 77 ಇದ್ದದ್ದು 29ಕ್ಕೆ ಇಳಿದಿತ್ತು ಮಾವ."

"ನಮ್ಮ ಬೆಳೆ ನಾಲ್ಕು ತಿಂಗಳು, ಗೊತ್ತಲ್ಲ?" ಅಂದು, ಅತ್ತೆಯನ್ನು ಕರೆದು ಫೋನ್ ಕೊಟ್ಟರು.