ಸೊಲ್ಫೆರಿನೊದಲ್ಲಿ ಕೊರತೆಯಾದದ್ದು

1859ರ ಜೂನ್ 24ರಂದು ಉತ್ತರ ಇಟಲಿಯ ಸೊಲ್ಫೆರಿನೊದಲ್ಲಿ ಘೋರ ಯುದ್ಧ ನಡೆಯಿತು. ನೆರೆಯ ಕಾಸ್ತಿಲಿಯೋನೆ ಪಟ್ಟಣದ ಚರ್ಚುಗಳು ಗಾಯಾಳುಗಳಿಂದ ತುಂಬಿಹೋದವು. ಜಿನೀವಾದ ವ್ಯಾಪಾರಿ ಹೆನ್ರಿ ಡ್ಯುನಾಂಟ್ ಅಲ್ಲಿ ಕಂಡದ್ದನ್ನು ವೈದ್ಯರಾದ ನಾವು ಮತ್ತೆ ಮತ್ತೆ ನೆನೆಯುತ್ತೇವೆ. ಊರಿನಲ್ಲಿ ನೀರಿತ್ತು, ಆಹಾರವಿತ್ತು. ಆದರೂ ಗಾಯಾಳುಗಳು ಹಸಿದು, ಬಾಯಾರಿ ಸತ್ತರು. ಗಾಯಕ್ಕಿಡುವ ಬಟ್ಟೆ ಬೇಕಾದಷ್ಟಿತ್ತು, ಕಟ್ಟುವ ಕೈಗಳು ಸಾಲಲಿಲ್ಲ.

ಡ್ಯುನಾಂಟ್ ವೈದ್ಯರಲ್ಲ. ಅವರು ಊರಿನ ಹೆಂಗಸರನ್ನು ಒಗ್ಗೂಡಿಸಿದರು, ಹುಡುಗರಿಗೆ ನೀರು ತರುವ ಕೆಲಸ ವಹಿಸಿದರು, ಸಾರೋಟಿನವನನ್ನು ಬ್ರೆಶಿಯಾ ನಗರಕ್ಕೆ ಕಳುಹಿಸಿ ನಿಂಬೆ, ಸಕ್ಕರೆ, ಅಂಗಿ, ತಂಬಾಕು ತರಿಸಿದರು. (ತಂಬಾಕನ್ನು ನಾವಂತೂ ಬರೆದುಕೊಡೆವು!) ಶಾಂತಿಕಾಲದಲ್ಲೇ ಸ್ವಯಂಸೇವಕರನ್ನು ಸಿದ್ಧಗೊಳಿಸಬೇಕೆಂದು 1862ರಲ್ಲಿ ಬರೆದರು. ಮರುವರ್ಷ ಐವರ ಸಮಿತಿಯೊಂದು ರೆಡ್ ಕ್ರಾಸ್‌ಗೆ ಅಡಿಪಾಯ ಹಾಕಿತು. ಅವರಲ್ಲಿ ಇಬ್ಬರು ವೈದ್ಯರು.

ನಮ್ಮ ಸಂಘದ ತುರ್ತು ನೆರವಿನ ಕಡತದಲ್ಲಿಯೂ ಕಂಬಳಿ ಕೊಡುವವರ ಪಟ್ಟಿ ಉದ್ದವಾಗಿದೆ. ಹಂಚಲು ಬರುವವರ ಹಾಳೆಯಲ್ಲಿ ಈವರೆಗೆ ನಾಲ್ಕೇ ಹೆಸರು.