ನಿಲುವಿನಿಂದ ನುಡಿಗೆ

ದೀಪಿಕಾ ಪಡುಕೋಣೆಯವರ ಚಿತ್ರಜೀವನ 2007ರ ‘ಓಂ ಶಾಂತಿ ಓಂ’ನಿಂದ ಆರಂಭವಾಯಿತೆಂದು ಅನೇಕರು ಭಾವಿಸಿದ್ದಾರೆ. ವಸ್ತುಸ್ಥಿತಿ ಬೇರೆ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆಯವರ ಈ ಮಗಳು ಬೆಂಗಳೂರಿನಲ್ಲಿ ಬೆಳೆದು, ಬ್ಯಾಡ್ಮಿಂಟನ್ ಬಿಟ್ಟು ರೂಪದರ್ಶಿಯಾದರು. ಲಿರಿಲ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಅವರ ಮೊದಲ ಚಿತ್ರ 2006ರಲ್ಲಿ ತೆರೆಕಂಡ ಕನ್ನಡದ ‘ಐಶ್ವರ್ಯ’. ನಿರ್ದೇಶಕರು ಇಂದ್ರಜಿತ್ ಲಂಕೇಶ್, ನಾಯಕ ಉಪೇಂದ್ರ.

ರೂಪದರ್ಶಿಗೆ ನಿಲುವು, ನಡಿಗೆಗಳೇ ಭಾಷೆ. ನಟನೆಗೆ ಕಂಠವೂ ಬೇಕು. ‘ಓಂ ಶಾಂತಿ ಓಂ’ನಲ್ಲಿ ಅವರ ಪಾತ್ರಕ್ಕೆ ದನಿ ನೀಡಿದವರು ಮೋನಾ ಘೋಷ್ ಶೆಟ್ಟಿ. ಮುಂದೆ 2015ರ ‘ಪೀಕು’ವಿನಲ್ಲಿ, ವೃದ್ಧ ತಂದೆಯೊಡನೆ ಸಿಡುಕುತ್ತಲೇ ಅವನನ್ನು ಸಲಹುವ ಮಗಳ ಪಾತ್ರವನ್ನು ದೀಪಿಕಾ ಸ್ವಂತ ಮಾತಿನಿಂದಲೇ ಗೆದ್ದರು, ಫಿಲ್ಮ್‌ಫೇರ್ ಶ್ರೇಷ್ಠ ನಟಿ ಪ್ರಶಸ್ತಿಯೂ ಬಂದಿತು. ನಡುವೆ ಎಂಟು ವರ್ಷಗಳ ದುಡಿಮೆಯಿತ್ತು.

ದೀಪಿಕಾರ ಮನೆಮಾತು ಕೊಂಕಣಿ. ಸೂಪಾ ಅಣೆಕಟ್ಟೆಯ ಮಗ್ಗುಲಿನ ನಮ್ಮ ಗಣೇಶಗುಡಿಯಲ್ಲೂ ಮನೆಯಲ್ಲಿ ಕೊಂಕಣಿ, ಮರಾಠಿ ಆಡುವ ಮಕ್ಕಳು ತರಗತಿಯಲ್ಲಿ ಕನ್ನಡದಲ್ಲಿ ಬಾಯಿಬಿಡಲು ಅಳುಕುವುದನ್ನು ಬಹುಕಾಲ ಕಂಡಿದ್ದೇನೆ. ಪ್ರಿಯ ಶಿಷ್ಯರೇ, ಇಂದು ನೀವೂ ತಂದೆತಾಯಿಗಳು. ಮಗು ತಡವರಿಸಿದಾಗ ಅದರ ವಾಕ್ಯವನ್ನು ನೀವೇ ಮುಗಿಸಿಬಿಡಬೇಡಿ. ತನ್ನ ದನಿ ತನಗೆ ಒದಗುವವರೆಗೆ ಅದಕ್ಕೆ ಕಾಲಾವಕಾಶ ಕೊಡಿರಿ.